ಡಿಟರ್ಜೆಂಟ್ ಒಡೆದುಹೋಗುತ್ತದೆ ಅಂತಾರೆ, ಮತ್ತೆ ಕೆರೆಯಲ್ಲಿ ಇಷ್ಟೊಂದು ನೊರೆ ಯಾಕೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ವರ್ತೂರು ಕೋಡಿ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಹೋದ ವಾರ ಜೋರು ಮಳೆಯಾದ ಮಾರನೇ ದಿನ ಕಾಲುವೆಯ ನೊರೆ ಹಾರಿ ರಸ್ತೆಗೆ ಬಂದಿತ್ತು. ಆರು ವರ್ಷದ ಮೊಮ್ಮಗ ಅದನ್ನು ಕೈಯಲ್ಲಿ ಹಿಡಿದು ಆಟವಾಡಿದ. ರಾತ್ರಿ ಕೈ ತುರಿಸುತ್ತದೆ ಅಂತ ಅತ್ತ. ಇದು ಎಷ್ಟು ವಿಷ? ನಾವು ತರುವ ಬಟ್ಟೆ ಪೌಡರ್ ಪ್ಯಾಕೆಟ್ಟಿನ ಮೇಲೆ ‘ಬಯೋಡಿಗ್ರೇಡಬಲ್’, ಅಂದರೆ ಬ್ಯಾಕ್ಟೀರಿಯಾ ತಿಂದು ಒಡೆದುಹೋಗುವಂಥದ್ದು, ಅಂತ ಬರೆದಿದೆ. ಹಾಗಿದ್ದರೆ ಈ ನೊರೆ ಎಲ್ಲಿಂದ ಬಂತು? ಸೊಸೆ ಅಂಟುವಾಳಕ್ಕೆ ಬದಲಾಯಿಸೋಣ ಅಂತಾಳೆ. ಕೊಳಚೆ ನೀರು ಶುದ್ಧ ಮಾಡುವ ನಮ್ಮ ಎಸ್‌ಟಿಪಿಯಲ್ಲೂ ಆಗಾಗ ಬಿಳಿ ನೊರೆ ಉಕ್ಕುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ಪುಡಿ ಹಾಕಿ ಅಂತ ಒಬ್ಬರು ಮಾರಲು ಬಂದಿದ್ದಾರೆ. ತೆಗೆದುಕೊಳ್ಳಬಹುದಾ?

ಉತ್ತರ: ನಮಸ್ಕಾರ. ಮೊದಲು ಮಗುವಿನ ಕೈ ವಿಷಯ ಹೇಳಿಬಿಡುತ್ತೇನೆ. ಡಿಟರ್ಜೆಂಟ್ ಚರ್ಮದ ಮೇಲಿನ ಎಣ್ಣೆ ಪಸೆಯನ್ನು ಎಳೆದುಕೊಂಡು ಹೋಗುತ್ತದೆ. ಚರ್ಮ ಒಣಗಿ ತುರಿಸುತ್ತದೆ. ಅದು ಚರ್ಮದ ಮೂಲಕ ಮೈಯೊಳಗೆ ಹೋಗುವುದು ತುಂಬ ಕಡಿಮೆ. ಮೀನಿಗೆ ಆಗುವ ಹಾಗೆ ನಮ್ಮ ಜೀವಕ್ಕೆ ಕುತ್ತು ತರುವ ವಿಷ ಅದಲ್ಲ. ಆದರೆ ಆ ನೊರೆಯಲ್ಲಿ ಬರೀ ಡಿಟರ್ಜೆಂಟ್ ಇರುವುದಿಲ್ಲ. ನೊರೆ ಒಂದು ಜರಡಿ ಇದ್ದ ಹಾಗೆ. ಕೆಳಗಿನ ನೀರಿನಲ್ಲಿರುವ ಜಿಡ್ಡು, ನುಣ್ಣನೆ ಕೆಸರು, ರೋಗಾಣು ಎಲ್ಲವನ್ನೂ ಅದು ಗುಳ್ಳೆಯ ಗೋಡೆಗೆ ಅಂಟಿಸಿಕೊಂಡು ಮೇಲೆ ತರುತ್ತದೆ. ಅದಕ್ಕೇ ಕೆಳಗಿನ ನೀರಿಗಿಂತ ನೊರೆಯೇ ಹೆಚ್ಚು ಕೊಳಕು. ಕೈಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು, ಆಮೇಲೆ ಸೋಪು ಹಾಕಿ ಇನ್ನೊಂದು ಸಲ ತೊಳೆಯಿರಿ. ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿ. ಎರಡು ದಿನ ಕಳೆದರೂ ಕೆಂಪು ಇಳಿಯದಿದ್ದರೆ, ಗುಳ್ಳೆ ಎದ್ದರೆ, ಗಾಯವಿದ್ದ ಜಾಗ ಊದಿಕೊಂಡರೆ ಡಾಕ್ಟರಿಗೆ ತೋರಿಸಿ. ಕಣ್ಣಿಗೆ ಬಿದ್ದರೆ ಮಾತ್ರ ಕಾಯಬೇಡಿ. ನಲ್ಲಿ ನೀರಿನಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಇನ್ನು ಈ ವಸ್ತು ಯಾವುದು ಅಂತ ನೋಡೋಣ. ಬಟ್ಟೆ ಪೌಡರ್, ಬಾರ್ ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್, ಇವುಗಳಲ್ಲಿ ಹೆಚ್ಚಿನವುಗಳ ಒಳಗೆ ಇರುವುದು ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೋನೇಟ್. ಚಿಕ್ಕದಾಗಿ ಎಲ್‌ಎಎಸ್ ಅಂತಾರೆ. ಮನೆಯಲ್ಲೇ ಲಿಕ್ವಿಡ್ ಮಾಡಿ ಮಾರುವವರಿಗೆ ಇದು ‘ಆಸಿಡ್ ಸ್ಲರಿ’ ಅಂತ ಗೊತ್ತು. ಪೇಟೆಯ ಕೆಮಿಕಲ್ ಅಂಗಡಿಯಲ್ಲಿ ಕ್ಯಾನಿನಲ್ಲಿ ಸಿಗುತ್ತದೆ. ಕಾಕಂಬಿಯ ಹಾಗೆ ಕಪ್ಪಗೆ, ಮಂದವಾಗಿರುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ ಬೆರೆಸಿದರೆ ಡಿಟರ್ಜೆಂಟ್ ಆಯಿತು.

ಈ ಕಣಕ್ಕೆ ಒಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ. ಬಾಲಕ್ಕೆ ಎಣ್ಣೆ ಇಷ್ಟ. ಬಾಲದಲ್ಲಿ 10ರಿಂದ 13 ಕಾರ್ಬನ್‌ಗಳು ಸಾಲಾಗಿ ನಿಂತಿರುತ್ತವೆ. ತಲೆಯ ಕಡೆ ಒಂದು ಬೆಂಜೀನ್ ಉಂಗುರ, ಅದಕ್ಕೆ ಅಂಟಿದ ಗಂಧಕದ ಗುಂಪು. ಬಾಲ ಜಿಡ್ಡಿಗೆ ಚುಚ್ಚಿಕೊಳ್ಳುತ್ತದೆ, ತಲೆ ನೀರಿನ ಕಡೆ ಎಳೆಯುತ್ತದೆ. ಕಾಲರಿನ ಕೊಳೆ ಬಿಡುವುದು ಹೀಗೆ. ಕೆರೆಯಲ್ಲಿ ತೊಂದರೆ ಕೊಡುವುದೂ ಇದೇ ಗುಣ.

ಮೀನಿನ ಕಿವಿರು ನೋಡಿದ್ದೀರಲ್ವಾ? ಮಾರ್ಕೆಟ್ಟಿನಲ್ಲಿ ತಾಜಾ ಮೀನು ಅಂತ ನೋಡಲು ಕಿವಿರು ಎತ್ತಿ ಕೆಂಪಗಿದೆಯಾ ಅಂತ ನೋಡುತ್ತೇವೆ. ಆ ಕೆಂಪು ಎಸಳುಗಳ ಮೇಲೆ ತೆಳು ಲೋಳೆ ಇರುತ್ತದೆ. ಅದರ ಕೆಳಗೆ ಒಂದೆರಡು ಪದರ ಜೀವಕೋಶ, ಅಷ್ಟೇ. ನೀರಿನಲ್ಲಿ ಕರಗಿದ ಆಮ್ಲಜನಕ ರಕ್ತಕ್ಕೆ ಹೋಗುವುದು ಅಲ್ಲಿಂದಲೇ. ಎಲ್‌ಎಎಸ್ ಆ ಲೋಳೆಯನ್ನು ತೊಳೆದುಹಾಕಿ, ಜೀವಕೋಶದ ಪೊರೆಗೆ ಬಾಲ ಚುಚ್ಚುತ್ತದೆ. ಎಸಳು ಊದಿಕೊಳ್ಳುತ್ತದೆ. ಸುತ್ತ ನೀರಿದ್ದರೂ ಮೀನು ಉಸಿರು ಸಿಗದೆ ಸಾಯುತ್ತದೆ. ಲೀಟರಿಗೆ 1ರಿಂದ 10 ಮಿಲಿಗ್ರಾಂ ಇದ್ದರೆ ಸಾಕು, ನಾಲ್ಕು ದಿನದಲ್ಲಿ ಹಲವು ಜಾತಿಯ ಮೀನುಗಳಲ್ಲಿ ಅರ್ಧ ಸಾಯುತ್ತವೆ. ಬಾಲ ಉದ್ದವಾದಷ್ಟೂ ವಿಷ ಜಾಸ್ತಿ. ಮರಿಗಳಿಗೆ ಇನ್ನೂ ಕಷ್ಟ. ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ ಇದ್ದರಂತೂ ಕೇಳುವುದೇ ಬೇಡ.

ಈ ಅಂಕಿಯನ್ನು ನಿಮ್ಮ ವಾಷಿಂಗ್ ಮೆಷಿನ್ ಪಕ್ಕ ಇಟ್ಟು ನೋಡಿ. ಒಂದು ಸ್ಕೂಪ್ ಪೌಡರ್ 50 ಗ್ರಾಂ ಅಂದುಕೊಳ್ಳಿ. ಅದರಲ್ಲಿ ಶೇಕಡ 15ರಷ್ಟು ಎಲ್‌ಎಎಸ್ ಇದ್ದರೆ ಏಳೂವರೆ ಗ್ರಾಂ ಆಯಿತು. ಲೀಟರಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ ಅದು 7,500 ಲೀಟರ್ ನೀರಿಗೆ ಸಾಕು. ನಿಮ್ಮ ಗೇಟಿಗೆ ಬರುವ 6,000 ಲೀಟರಿನ ಟ್ಯಾಂಕರಿಗಿಂತ ಜಾಸ್ತಿ. ಒಂದು ಸ್ಕೂಪಿಗೆ ಇಷ್ಟು! ಅದಕ್ಕೇ ಈ ವಸ್ತು ದಾರಿಯಲ್ಲಿ ಒಡೆದು ಹೋಗುವುದು ಇಷ್ಟು ಮುಖ್ಯ.

ಒಡೆಯುತ್ತದೆಯಾ? ಒಡೆಯುತ್ತದೆ. ಪ್ಯಾಕೆಟ್ಟಿನ ಮೇಲೆ ಬರೆದಿರುವುದು ಸುಳ್ಳಲ್ಲ. ಆ ಮಾತಿನ ಹಿಂದೆ ಒಂದು ದೊಡ್ಡ ಕಥೆಯೇ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಯುರೋಪು, ಅಮೆರಿಕದ ಮನೆಗಳಲ್ಲಿ ಸೋಪಿನ ಜಾಗಕ್ಕೆ ಡಿಟರ್ಜೆಂಟ್ ಬಂತು. ಆಗಿನ ಕಣದ ಬಾಲ ನೆಟ್ಟಗಿರಲಿಲ್ಲ, ಕವಲು ಕವಲಾಗಿತ್ತು. 1950ರ ದಶಕದಲ್ಲಿ ಇಂಗ್ಲೆಂಡು, ಜರ್ಮನಿ, ಅಮೆರಿಕದ ನದಿಗಳಲ್ಲಿ ನೊರೆ ಗುಡ್ಡೆಗಳೆದ್ದವು. ಕೆಲವು ಊರುಗಳಲ್ಲಿ ನಲ್ಲಿ ನೀರೇ ನೊರೆ ಬರುತ್ತಿತ್ತು. ನಾವು ಬೆಳ್ಳಂದೂರಿನಲ್ಲಿ ನೋಡಿದ್ದನ್ನು ಅವರು ಆಗಲೇ ನೋಡಿದ್ದರು. ಬ್ಯಾಕ್ಟೀರಿಯಾಗಳಿಗೆ ಆ ಕವಲು ಬಾಲ ತಿನ್ನಲು ಬರುವುದಿಲ್ಲ ಅಂತ ತಿಳಿಯಿತು. ಜರ್ಮನಿ 1961ರಲ್ಲಿ ಕಾನೂನು ಮಾಡಿತು, 1964ರಲ್ಲಿ ಅದು ಜಾರಿಗೆ ಬಂತು. ಅಮೆರಿಕದ ಕಂಪನಿಗಳು 1965ರ ಹೊತ್ತಿಗೆ ನೆಟ್ಟನೆ ಬಾಲದ ಎಲ್‌ಎಎಸ್‌ಗೆ ಬದಲಾದವು. ನದಿಗಳ ನೊರೆ ಇಳಿಯಿತು.

ನೆಟ್ಟನೆ ಬಾಲವನ್ನು ಬ್ಯಾಕ್ಟೀರಿಯಾ ತಿನ್ನುವುದು ಹೇಗೆ ಅಂದರೆ, ಕಬ್ಬನ್ನು ತುದಿಯಿಂದ ಗಿಣ್ಣು ಗಿಣ್ಣಾಗಿ ಕಡಿದು ತಿಂದ ಹಾಗೆ. ಮೊದಲು ಬಾಲದ ತುದಿಗೆ ಒಂದು ಆಮ್ಲಜನಕ ಅಂಟಿಸುತ್ತದೆ. ಅದೇ ಮೊದಲ ಕಡಿತ. ಆಮೇಲೆ ಒಂದೊಂದು ಸಲಕ್ಕೆ ಎರಡೆರಡು ಕಾರ್ಬನ್ ಕಡಿಯುತ್ತಾ ಒಳಗೆ ಬರುತ್ತದೆ. ನಮ್ಮ ಮೈ ತುಪ್ಪ, ಎಣ್ಣೆ ಕರಗಿಸುವುದೂ ಇದೇ ರೀತಿ. ಕವಲು ಬಾಲ ಸಿಕ್ಕರೆ ಮುಳ್ಳುಕೊಂಬೆ ಬಾಯಿಗೆ ಬಂದ ಹಾಗೆ, ಅಲ್ಲೇ ನಿಂತುಬಿಡುತ್ತದೆ. ನನಗೆ ತುಂಬ ಇಷ್ಟವಾದ ಸಂಗತಿ ಇಲ್ಲಿದೆ. ತುದಿಯನ್ನು ಒಂದು ಸಲ ಕಡಿದರೆ ಸಾಕು, ಆ ಕಣ ಮತ್ತೆ ನೊರೆ ಕೊಡುವುದಿಲ್ಲ. ಬಾಲದ ತುದಿಗೂ ನೀರು ಇಷ್ಟವಾಗಿಬಿಟ್ಟಿತು, ಇನ್ನು ಜಿಡ್ಡಿಗೆ, ಪೊರೆಗೆ ಚುಚ್ಚಿಕೊಳ್ಳುವುದು ಯಾವುದು? ಮೀನಿಗೆ ಇದ್ದ ವಿಷವೂ ಅಲ್ಲಿಗೆ ಬಹಳ ಇಳಿದುಹೋಗುತ್ತದೆ.

ಆದರೆ ಕೆಲಸ ಅಲ್ಲಿಗೆ ಪೂರ್ತಿ ಆಗಲಿಲ್ಲ. ಬೆಂಜೀನ್ ಉಂಗುರ ಉಳಿದಿರುತ್ತದೆ. ಜರ್ಮನಿಯ ಕೊನ್ಸ್ಟಾಂಜ್ ವಿಶ್ವವಿದ್ಯಾಲಯದವರು 2004ರಲ್ಲಿ ಒಂದು ಬ್ಯಾಕ್ಟೀರಿಯಾಕ್ಕೆ ಹೆಸರಿಟ್ಟರು: ಪಾರ್ವಿಬ್ಯಾಕ್ಯುಲಮ್ ಲವಾಮೆಂಟಿವೊರಾನ್ಸ್. ತೊಳೆಯುವ ಪದಾರ್ಥ ತಿನ್ನುವ ಪುಟ್ಟ ಕಡ್ಡಿ ಅಂತ ಅರ್ಥ. ಇದು ಬಾಲ ತಿಂದು ಉಂಗುರವನ್ನು ಬಿಟ್ಟುಬಿಡುತ್ತದೆ. ಅದನ್ನು ತಿನ್ನಲು ಕೊಮಮೊನಾಸ್ ತರಹದ ಇನ್ನೊಂದು ಜಾತಿ ಬರಬೇಕು. ಅದು ಗಂಧಕವನ್ನು ಬಿಡಿಸಿ, ಉಂಗುರವನ್ನು ಬಿಚ್ಚಿ, ಕೊನೆಗೆ ಕಾರ್ಬನ್ ಡೈಆಕ್ಸೈಡ್, ನೀರು, ಸಲ್ಫೇಟ್ ಮಾಡಿಬಿಡುತ್ತದೆ. ಒಬ್ಬರು ಬಿಟ್ಟಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳಬೇಕು. ಒಂದೇ ಜಾತಿಯಿಂದ ಆಗುವ ಕೆಲಸ ಇದಲ್ಲ. ಈ ಮಾತು ನೆನಪಿರಲಿ, ಪುಡಿ ಮಾರಲು ಬಂದವರ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಈಗ ನಿಮ್ಮ ಪ್ರಶ್ನೆಯ ನಡುಮಧ್ಯಕ್ಕೆ ಬರುತ್ತೇನೆ. ಮೊದಲ ಕಡಿತಕ್ಕೂ ಆಮ್ಲಜನಕ ಬೇಕು, ಉಂಗುರ ಬಿಚ್ಚುವುದಕ್ಕೂ ಆಮ್ಲಜನಕ ಬೇಕು. ಗಾಳಿ ಚೆನ್ನಾಗಿ ಆಡುವ ನದಿಯಲ್ಲಿ ಎಲ್‌ಎಎಸ್ ಕೆಲವು ಗಂಟೆಯಿಂದ ಕೆಲವು ದಿನದೊಳಗೆ ಅರ್ಧಕ್ಕಿಳಿಯುತ್ತದೆ. ಸರಿಯಾಗಿ ನಡೆಯುವ ಎಸ್‌ಟಿಪಿಯಲ್ಲಿ ಶೇಕಡ 95ಕ್ಕಿಂತ ಜಾಸ್ತಿ ಹೋಗಿಬಿಡುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ಮಾತ್ರ ಅದು ಹೆಚ್ಚುಕಡಿಮೆ ಹಾಗೇ ಕೂತಿರುತ್ತದೆ. ಪ್ಯಾಕೆಟ್ಟಿನ ಮೇಲೆ ‘ಬಯೋಡಿಗ್ರೇಡಬಲ್’ ಅಂತ ಬರೆಯುವವರು ‘ಗಾಳಿ ಇದ್ದರೆ’ ಅಂತಲೂ ಬರೆಯಬೇಕಿತ್ತು.

ನಿಮ್ಮ ವರ್ತೂರಿಗೆ ನೀರು ಬರುವುದು ಬೆಳ್ಳಂದೂರಿಂದ. ಬೆಳ್ಳಂದೂರು ಕೆರೆ ಸುಮಾರು 900 ಎಕರೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರೆಲ್ಲ ರಾಜಕಾಲುವೆಗಳಲ್ಲಿ ಅಲ್ಲಿಗೆ ಹರಿಯುತ್ತದೆ. ಮಳೆ ನೀರಿಗೆ ಅಂತ ಕಟ್ಟಿದ ಕಾಲುವೆ, ಬಂದಿದ್ದು ಕೊಳಚೆ. ಕೊಳಚೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಬೇಕಾದ ಊಟ ಹೇರಳ. ಅವು ಮೊದಲು ಸುಲಭದ ಊಟ ತಿನ್ನುತ್ತವೆ. ಅನ್ನದ ಗಂಜಿ, ಸಕ್ಕರೆ, ಮಲ. ಅದನ್ನು ತಿನ್ನುವಾಗಲೇ ನೀರಿನ ಆಮ್ಲಜನಕ ಮುಗಿದುಹೋಗುತ್ತದೆ. ಬೆಂಗಳೂರಿನ ಬಿಸಿಲಿಗೆ 25 ಡಿಗ್ರಿಯ ಶುದ್ಧ ನೀರು ಲೀಟರಿಗೆ 7ರಿಂದ 8 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು. ಮೀನು ಬದುಕಲು 4 ಆದರೂ ಇರಬೇಕು. ಕೊಳಚೆ ತುಂಬಿದ ಕೆರೆಯಲ್ಲಿ ಮೀಟರ್ ಇಳಿಬಿಟ್ಟರೆ ಮುಳ್ಳು ಸೊನ್ನೆಯ ಹತ್ತಿರ ನಿಲ್ಲುತ್ತದೆ. ಮೇಲೆ ಅಂತರಗಂಗೆ ಹಬ್ಬಿದರೆ ಬಿಸಿಲೂ ಇಲ್ಲ, ಗಾಳಿಯೂ ಇಲ್ಲ.

ಡಿಟರ್ಜೆಂಟಿನ ಸರದಿ ಬರುವ ಹೊತ್ತಿಗೆ ಆಮ್ಲಜನಕ ಖಾಲಿ. ಅದರ ಬಾಲಕ್ಕೆ ನೀರು ಇಷ್ಟವಿಲ್ಲವಲ್ಲ, ಕೆಸರಿನ ಕಣಕ್ಕೆ ಅಂಟಿಕೊಂಡು ತಳ ಸೇರುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ನೊರೆಯನ್ನು ವರ್ಷಗಟ್ಟಲೆ ನೋಡಿ, ಲ್ಯಾಬಿನಲ್ಲೂ ಕೆರೆಯ ಮಾದರಿ ಮಾಡಿ ಹೇಳಿದ್ದು ಇದನ್ನೇ. ಬೇಸಿಗೆ ಉದ್ದಕ್ಕೂ ಡಿಟರ್ಜೆಂಟ್ ಹೂಳಿನಲ್ಲಿ ಕೂಡಿಹಾಕಿಕೊಳ್ಳುತ್ತದೆ. ಜೋರು ಮಳೆ ಬಂದಾಗ ಹೂಳು ಕದಡಿ ಅದು ಮತ್ತೆ ನೀರಿಗೆ ಬಿಡುತ್ತದೆ. ಜೊತೆಗೆ ಮಳೆ ನೀರು ನಗರದ ನುಣ್ಣನೆ ಮಣ್ಣು ತರುತ್ತದೆ. ಆ ಕಣಗಳು ಗುಳ್ಳೆಯ ಗೋಡೆಗೆ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಬೇಗ ಒಡೆಯಬೇಕಾದ ಗುಳ್ಳೆ ಒಡೆಯುವುದಿಲ್ಲ. ಅಂಥ ನೀರು ಕೋಡಿಯಿಂದ ಧುಮುಕುವಾಗ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮಜ್ಜಿಗೆ ಕಡೆದ ಹಾಗೆ. ನೀವು ಮಳೆಯ ಮಾರನೇ ದಿನ ನೊರೆ ನೋಡಿದ್ದು ಕಾಕತಾಳೀಯ ಅಲ್ಲ. ಆ ನೊರೆಯಲ್ಲಿ ನಿಮ್ಮ ಈ ವಾರದ ಬಟ್ಟೆಯ ಪೌಡರ್ ಇರಬಹುದು, ಬೇಸಿಗೆಯಲ್ಲಿ ಯಾರೋ ತೊಳೆದ ಬಟ್ಟೆಯದೂ ಇರಬಹುದು.

2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ಯಮಲೂರು ಕಡೆ ಆ ನೊರೆಗೇ ಬೆಂಕಿ ಹತ್ತಿದ್ದು ನಿಮಗೆ ನೆನಪಿರಬಹುದು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ನೀರು ಉರಿಯಿತು ಅಂತ ಊರೆಲ್ಲ ಮಾತಾಡಿತು. ಅದಾದ ಮೇಲೆ ನ್ಯಾಯಾಲಯ, ಹಸಿರು ನ್ಯಾಯಮಂಡಳಿ, ಹೂಳೆತ್ತುವ ಕೆಲಸ ಎಲ್ಲ ಬಂದವು. ಹೂಳೆತ್ತುವುದು ಬಹಳ ಮುಖ್ಯ, ಯಾಕೆಂದರೆ ಡಿಟರ್ಜೆಂಟಿನ ಗೋದಾಮು ಅಲ್ಲೇ ಇರುವುದು. ಆದರೆ ಕಾಲುವೆಗೆ ಕೊಳಚೆ ಬರುವುದು ನಿಲ್ಲದಿದ್ದರೆ ಗೋದಾಮು ಮತ್ತೆ ತುಂಬುತ್ತದೆ. ನೊರೆ ಇಲ್ಲೇ ನಿಲ್ಲುವುದೂ ಇಲ್ಲ. ಬೆಳ್ಳಂದೂರಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ, ಅಲ್ಲಿಂದ ತಮಿಳುನಾಡು. ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟಿನ ಗೇಟು ತೆಗೆದಾಗ ಅಲ್ಲಿನ ರೈತರೂ ಇದೇ ಬಿಳಿ ಗುಡ್ಡೆ ನೋಡುತ್ತಾರೆ.

ನಾವು ಲ್ಯಾಬಿನಲ್ಲಿ ಡಿಟರ್ಜೆಂಟ್ ಅಳೆಯುವ ರೀತಿ ಹೇಳುತ್ತೇನೆ, ಕಣ್ಣಿಗೆ ಕಟ್ಟುವಂಥದ್ದು. ಗಾಜಿನ ಫನಲ್ಲಿಗೆ ಕೆರೆ ನೀರು ಹಾಕಿ, ಮೆಥಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಬೆರೆಸುತ್ತೇವೆ. ಆಮೇಲೆ ಕ್ಲೋರೋಫಾರ್ಮ್. ಅದು ನೀರಿಗಿಂತ ಭಾರ, ಕೆಳಗೆ ಕೂರುತ್ತದೆ. ಈ ನೀಲಿ ಬಣ್ಣ ತಾನಾಗಿ ಕ್ಲೋರೋಫಾರ್ಮಿಗೆ ಇಳಿಯುವುದಿಲ್ಲ. ಡಿಟರ್ಜೆಂಟ್ ಇದ್ದರೆ ಅದರ ಜೊತೆ ಸೇರಿ ಇಳಿಯುತ್ತದೆ. ಫನಲ್ ಅಲ್ಲಾಡಿಸಿ ಸ್ಟ್ಯಾಂಡಿಗೆ ಹಾಕಿ ಕಾಯಬೇಕು. ಒಳ್ಳೆ ನೀರಾದರೆ ಕೆಳಗಿನ ಪದರ ತಿಳಿಯಾಗೇ ಇರುತ್ತದೆ. ಕೋಡಿಯ ನೀರಾದರೆ ಕೆಳಗೆ ಶಾಯಿ ಚೆಲ್ಲಿದ ಹಾಗೆ ನೀಲಿ. ಎಷ್ಟು ನೀಲಿಯೋ ಅಷ್ಟು ಡಿಟರ್ಜೆಂಟ್. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 0.2 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಸಿಗದಿದ್ದರೆ ಹೆಚ್ಚೆಂದರೆ 1. ನಿಮ್ಮ ಬೋರ್‌ವೆಲ್ ಕಾಲುವೆಗೆ ಹತ್ತಿರವಿದ್ದು ನೀರು ಬಕೆಟಿನಲ್ಲಿ ಸುಮ್ನೆ ನೊರೆ ಬರುತ್ತಿದ್ದರೆ ಈ ಪರೀಕ್ಷೆ ಮಾಡಿಸಿ. ಜೊತೆಗೆ ನೈಟ್ರೇಟ್ ಮತ್ತು ಕೋಲಿಫಾರ್ಮ್ (ಮಲದಿಂದ ಬರುವ ಬ್ಯಾಕ್ಟೀರಿಯಾ) ಪರೀಕ್ಷೆಯನ್ನೂ ಮಾಡಿಸಿ. ಡಿಟರ್ಜೆಂಟ್ ಬಂದಿದೆ ಅಂದರೆ ಕೊಳಚೆ ಬಂದಿದೆ ಅಂತ ಅರ್ಥ.

ಒಡೆದ ಮೇಲೆ ಎಲ್ಲವೂ ಸಾಧು ಆಗುತ್ತದೆ ಅಂತ ಮಾತ್ರ ತಿಳಿಯಬೇಡಿ. ನೊನೈಲ್‌ಫೀನಾಲ್ ಇಥಾಕ್ಸಿಲೇಟ್ ಅಂತ ಇನ್ನೊಂದು ಬಗೆ ಇದೆ. ಬಟ್ಟೆ ಕಾರ್ಖಾನೆಗಳಲ್ಲಿ, ಕೆಲವು ಕ್ಲೀನರ್‌ಗಳಲ್ಲಿ ಬಳಸುತ್ತಾರೆ. ಬ್ಯಾಕ್ಟೀರಿಯಾ ಅದರ ನೀರು ಇಷ್ಟಪಡುವ ಸರಪಳಿ ತಿಂದಾಗ ಉಳಿಯುವ ನೊನೈಲ್‌ಫೀನಾಲ್ ಮೂಲ ವಸ್ತುವಿಗಿಂತ ಹೆಚ್ಚು ವಿಷ. ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ನಿನ ಹಾಗೆ ನಟಿಸಿ ಮೀನಿನ ಸಂತಾನಕ್ಕೇ ಕೈ ಹಾಕುತ್ತದೆ. ಯುರೋಪಿನ ದೇಶಗಳು 2003ರಲ್ಲಿ ಇದಕ್ಕೆ ಕಡಿವಾಣ ಹಾಕುವ ಕಾನೂನು ತಂದವು. ಎಲ್‌ಎಎಸ್ ಆ ಜಾತಿಯದಲ್ಲ. ಗಾಳಿ ಕೊಟ್ಟರೆ ಮರ್ಯಾದೆಯಾಗಿ ಹೋಗುತ್ತದೆ. ಅದಕ್ಕೇ ಅದರ ವಿಷಯದಲ್ಲಿ ನನಗೆ ಭರವಸೆ ಇದೆ.

ಅಂಟುವಾಳದ ವಿಷಯಕ್ಕೆ ಬರೋಣ. ನಿಮ್ಮ ಸೊಸೆಯ ಕಾಳಜಿ ತುಂಬ ಒಳ್ಳೆಯದು. ಅಂಟುವಾಳ, ಸೀಗೆಕಾಯಿಯಲ್ಲಿ ಸಪೋನಿನ್ ಇದೆ. ಅದೂ ನೊರೆ ಕೊಡುವ ವಸ್ತುವೇ. ರೇಷ್ಮೆ ಸೀರೆ, ಉಲ್ಲನ್‌ಗೆ ಅಂಟುವಾಳಕ್ಕೆ ಸಮ ಇಲ್ಲ, ನಮ್ಮ ಅಜ್ಜಿಯರು ಸುಮ್ನೆ ಬಳಸಲಿಲ್ಲ. ಆದರೆ ಮೀನಿಗೆ ಏನೂ ಆಗುವುದಿಲ್ಲ ಅಂತ ಅಂದುಕೊಳ್ಳಬೇಡಿ. ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಹೊಳೆಯ ಮಡುವಿಗೆ ಹಾಕಿ ಮೀನು ಹಿಡಿಯುತ್ತಿದ್ದರು. ಮೀನು ಅಮಲೇರಿ ತೇಲುತ್ತಿತ್ತು. ಅದೂ ಸಪೋನಿನ್ನಿನ ಕೆಲಸವೇ, ಏಟು ಬೀಳುವುದು ಅದೇ ಕಿವಿರಿಗೆ. ಇದು ಬೇಗ ಕೊಳೆಯುತ್ತದೆ ಅನ್ನುವುದು ನಿಜ. ನಿಮ್ಮ ಎಸ್‌ಟಿಪಿ ಸರಿಯಿದ್ದರೆ ಅಂಟುವಾಳವೂ ಸರಿ, ಪೌಡರೂ ಸರಿ. ಎಸ್‌ಟಿಪಿ ಸರಿಯಿಲ್ಲದಿದ್ದರೆ ಎರಡೂ ಕಾಲುವೆಗೇ ಹೋಗುತ್ತವೆ.

ಹಾಗಾಗಿ ನಾನು ಜಾಸ್ತಿ ಹೊತ್ತು ನಿಲ್ಲಬೇಕಾದ್ದು ನಿಮ್ಮ ಎಸ್‌ಟಿಪಿಯ ಮುಂದೆ. ಸರ್ಜಾಪುರ ರಸ್ತೆ ಕಡೆಯ ಒಂದು ಅಪಾರ್ಟ್‌ಮೆಂಟಿನವರು ಕೆಲವು ವರ್ಷದ ಹಿಂದೆ ನಮ್ಮನ್ನು ಕರೆದಿದ್ದರು. ದಿನಾ ಬೆಳಗ್ಗೆ ಏರೇಶನ್ ಟ್ಯಾಂಕಿನಿಂದ, ಅಂದರೆ ಕೊಳಚೆಗೆ ಗಾಳಿ ಊದುವ ತೊಟ್ಟಿಯಿಂದ, ಬಿಳಿ ನೊರೆ ಉಕ್ಕಿ ಬೇಸ್‌ಮೆಂಟಿನ ಕಾರುಗಳ ಚಕ್ರದವರೆಗೆ ಬರುತ್ತಿತ್ತು. ಎರಡು ಸಲ ಬ್ಯಾಕ್ಟೀರಿಯಾ ಪುಡಿ ತರಿಸಿದ್ದರು. ನೊರೆ ಅಡಗಿಸುವ ದ್ರವವನ್ನೂ ಸುರಿದಿದ್ದರು. ನಾನು ಬೆಳಗ್ಗೆ ಆರೂವರೆಗೇ ಹೋದೆ. ಟ್ಯಾಂಕಿನ ನೀರು ಕಾಫಿ ಬಣ್ಣಕ್ಕೆ ಇರಬೇಕಿತ್ತು, ಬೂದಿ ಕಪ್ಪಗಿತ್ತು. ಕೊಳೆತ ಮೊಟ್ಟೆಯ ವಾಸನೆ. ಮೀಟರ್ ಇಳಿಬಿಟ್ಟರೆ ಆಮ್ಲಜನಕ ಲೀಟರಿಗೆ 0.3 ಮಿಲಿಗ್ರಾಂ. ಕನಿಷ್ಠ 2 ಬೇಕು. ಆಪರೇಟರ್ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ. ‘ಮೇಡಂ, ರಾತ್ರಿ ಹನ್ನೊಂದಕ್ಕೆ ಬ್ಲೋವರ್ ಆಫ್ ಮಾಡಿ ಬೆಳಗ್ಗೆ ಐದಕ್ಕೆ ಹಾಕ್ತೀನಿ. ಗ್ರೌಂಡ್ ಫ್ಲೋರಿನವರಿಗೆ ಸೌಂಡ್ ಆಗುತ್ತಂತೆ. ಕಮಿಟಿಯವರೇ ಹೇಳಿದ್ದು’ ಅಂದ.

ಆರು ಗಂಟೆ ಉಸಿರು ಕಟ್ಟಿಸಿದರೆ ಯಾವ ಜೀವ ಕೆಲಸ ಮಾಡುತ್ತದೆ? ಬೆಳಗ್ಗೆ ಐದಕ್ಕೆ ಬ್ಲೋವರ್ ಶುರು, ಆರಕ್ಕೆ ಮನೆ ಮನೆಯ ವಾಷಿಂಗ್ ಮೆಷಿನ್ ಶುರು. ಸುಸ್ತಾದ ಬ್ಯಾಕ್ಟೀರಿಯಾ ಮೇಲೆ ಡಿಟರ್ಜೆಂಟ್ ಬಂದು ಬೀಳುತ್ತದೆ. ಕೆಳಗಿನಿಂದ ಬ್ಲೋವರ್ ಊದುತ್ತದೆ. ನೊರೆ ಬರದೆ ಇನ್ನೇನು? ಬ್ಲೋವರಿನ ಕೆಳಗೆ ರಬ್ಬರ್ ಪ್ಯಾಡ್, ಮೇಲೆ ಸದ್ದು ತಡೆಯುವ ಪೆಟ್ಟಿಗೆ ಹಾಕಿಸಿದರು. ಇಪ್ಪತ್ನಾಲ್ಕು ಗಂಟೆ ಗಾಳಿ ಬಿಟ್ಟರು. ಕಟ್ಟಿಕೊಂಡಿದ್ದ, ತಳದಲ್ಲಿ ಗಾಳಿ ಗುಳ್ಳೆ ಬಿಡುವ ಡಿಫ್ಯೂಸರ್‌ಗಳನ್ನು ಬದಲಾಯಿಸಿದರು. ಹತ್ತು ದಿನದಲ್ಲಿ ನೊರೆ ಗೋಡೆಯ ಪಕ್ಕದ ಒಂದು ಗೆರೆಯಾಗಿ ಉಳಿಯಿತು. ಪುಡಿ ಒಂದು ಚಮಚವೂ ಬೇಕಾಗಲಿಲ್ಲ. ಆ ಹುಡುಗನನ್ನು ಅದುವರೆಗೆ ಎಲ್ಲರೂ ಬೈದಿದ್ದರು. ಅವನು ಹೇಳಿದ ಹಾಗೆ ಮಾಡಿದ್ದ, ಅಷ್ಟೇ. ನಿಮ್ಮ ಆಪರೇಟರನ್ನೂ ಮೊದಲು ಕೂರಿಸಿಕೊಂಡು ಮಾತಾಡಿಸಿ.

ಅವರ ಹತ್ತಿರ ಒಂದು ಲೀಟರಿನ ಅಳತೆ ಜಾಡಿ ಇರುತ್ತದೆ. ಏರೇಶನ್ ಟ್ಯಾಂಕಿನ ನೀರು ತುಂಬಿ ಅರ್ಧ ಗಂಟೆ ಅಲ್ಲಾಡಿಸದೆ ಇಡಲು ಹೇಳಿ. ಕಂದು ಬಣ್ಣದ ಕೆಸರು ಕೆಳಗೆ ಕೂತು ಮೇಲೆ ತಿಳಿ ನೀರು ಬರಬೇಕು. ಕೆಸರು ಜಾಡಿಯ ಕಾಲು ಭಾಗದಿಂದ ಮೂರನೇ ಒಂದು ಭಾಗ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ತಳದಲ್ಲಿ ಬೆರಳಗಲ ಮಾತ್ರ ಕೂತರೆ ಬ್ಯಾಕ್ಟೀರಿಯಾ ಕಡಿಮೆ ಇವೆ ಅಂತ ಅರ್ಥ. ಬಿಳಿ ನೊರೆ ಬರುವುದು ಆಗಲೇ. ಹೊಸ ಎಸ್‌ಟಿಪಿಯಲ್ಲಿ ಇದು ಸಹಜ. ಕೆಸರನ್ನು ಜಾಸ್ತಿ ಹೊರಗೆ ತೆಗೆದರೂ ಹೀಗಾಗುತ್ತದೆ. ನೊರೆ ಕಂದಾಗಿ, ಜಿಡ್ಡಾಗಿ, ಕೆನೆಯ ಹಾಗೆ ದಪ್ಪ ಕಟ್ಟಿದ್ದರೆ ಅದು ಬೇರೆ ರೋಗ. ಅದಕ್ಕೆ ಡಿಟರ್ಜೆಂಟ್ ಕಾರಣ ಅಲ್ಲ. ಅಡುಗೆಮನೆ ಎಣ್ಣೆ ತಿಂದು ಬೆಳೆಯುವ ದಾರದಂಥ ಬ್ಯಾಕ್ಟೀರಿಯಾ ಅದು. ಆಯಿಲ್ ಟ್ರ್ಯಾಪ್ ಸ್ವಚ್ಛ ಮಾಡಿಸಿ, ಹಳೆ ಕೆಸರು ಹೊರಗೆ ತೆಗೆಸಬೇಕು.

ಬ್ಯಾಕ್ಟೀರಿಯಾ ಪುಡಿ ಈಗ ಕೊಳ್ಳಬೇಡಿ. ಕೊಳಚೆಯಲ್ಲಿ ಬೇಕಾದ ಎಲ್ಲ ಜಾತಿಯೂ ತಾನಾಗಿ ಬರುತ್ತವೆ. ಬಾಲ ತಿನ್ನುವವು, ಉಂಗುರ ತಿನ್ನುವವು, ಎಲ್ಲ. ಅವುಗಳಿಗೆ ಬೇಕಿರುವುದು ಗಾಳಿ ಮತ್ತು ಕೆಲವು ವಾರದ ಸಮಯ. ಪೂರ್ತಿ ಸತ್ತುಹೋದ ಟ್ಯಾಂಕನ್ನು ಮತ್ತೆ ಎಬ್ಬಿಸಬೇಕಾದರೆ, ಚೆನ್ನಾಗಿ ನಡೆಯುತ್ತಿರುವ ಪಕ್ಕದ ಅಪಾರ್ಟ್‌ಮೆಂಟಿನ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಕೆಸರು ತಂದು ಹಾಕಿಸಿ. ಅವು ಡಿಟರ್ಜೆಂಟ್ ತಿಂದು ಪಳಗಿದವು. ಸಗಣಿ ಹಾಕುವವರೂ ಇದ್ದಾರೆ. ಸಗಣಿಯಲ್ಲಿರುವವು ಬಹುಪಾಲು ಗಾಳಿಯಿಲ್ಲದ ಹೊಟ್ಟೆಯಲ್ಲಿ ಬದುಕುವವು, ಈ ಕೆಲಸಕ್ಕೆ ಅಷ್ಟು ಸರಿಯಲ್ಲ. ಟಾಯ್ಲೆಟ್ಟಿಗೆ ಆಸಿಡ್, ಬ್ಲೀಚಿಂಗ್ ಪೌಡರ್ ಬಾಟಲಿಗಟ್ಟಲೆ ಸುರಿಯುವುದನ್ನು ಮಾತ್ರ ಎಲ್ಲ ಮನೆಯವರೂ ನಿಲ್ಲಿಸಬೇಕು. ಅದು ನೇರವಾಗಿ ಆ ಜೀವಗಳ ಮೇಲೆ ಬೀಳುತ್ತದೆ.

ಮನೆಯಲ್ಲಿ ನೀವು ಮಾಡಬಹುದಾದ ದೊಡ್ಡ ಕೆಲಸ ಪೌಡರ್ ಕಡಿಮೆ ಮಾಡುವುದು. ನಿಮ್ಮ ಕಡೆ ಟ್ಯಾಂಕರ್, ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ ಡಿಟರ್ಜೆಂಟನ್ನು ಹಿಡಿದುಹಾಕುತ್ತದೆ, ನೊರೆ ಬರುವುದಿಲ್ಲ. ನೊರೆ ಬರಲಿಲ್ಲ ಅಂತ ಕೆಲಸದವರು ಇನ್ನೊಂದು ಹಿಡಿ ಹಾಕುತ್ತಾರೆ. ನೊರೆಗೂ ಬಟ್ಟೆ ಬಿಳಿಯಾಗುವುದಕ್ಕೂ ಸಂಬಂಧ ಕಡಿಮೆ. ಸಾಫ್ಟ್‌ನರ್‌ನಲ್ಲಿ ಬಂದ ನೀರೋ ಕಾವೇರಿ ನೀರೋ ಇರುವ ದಿನ ಅರ್ಧ ಸ್ಕೂಪ್ ಹಾಕಿ ನೋಡಿ. ವ್ಯತ್ಯಾಸ ಕಾಣದಿದ್ದರೆ ಅದೇ ನಿಮ್ಮ ಅಳತೆ.

ನೀವು ಕೇಳದಿದ್ದರೂ ಒಂದು ಮಾತು. ಕೆರೆ ನೀರಿನಲ್ಲಿ ಬೆಳೆದ ಸೊಪ್ಪಿನ ಬಗ್ಗೆ ಎಲ್ಲರೂ ಡಿಟರ್ಜೆಂಟಿನ ಭಯವನ್ನೇ ಹೇಳುತ್ತಾರೆ. ಉತ್ತ ಮಣ್ಣಿನಲ್ಲಿ ಗಾಳಿ ಆಡುತ್ತದೆ, ಎಲ್‌ಎಎಸ್ ಕೆಲವು ವಾರದಲ್ಲಿ ಬಹುಪಾಲು ಹೋಗುತ್ತದೆ. ಅಲ್ಲಿ ಹೆದರಬೇಕಾದ್ದು ರೋಗಾಣುಗಳಿಗೆ, ಸೀಸ, ಕ್ರೋಮಿಯಂ ತರಹದ ಲೋಹಗಳಿಗೆ. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಇಲ್ಲವಾಗಿಸಲಾರದು.

ಮೊಮ್ಮಗನಿಗೆ ನೊರೆ ಮುಟ್ಟಬೇಡ ಅಂತ ಬರೀ ಗದರಿದರೆ ಕೇಳುತ್ತಾನಾ? ಅವನ ಜೊತೆ ಇದನ್ನು ಮಾಡಿ. ನಾನು ಶಾಲೆ ಮಕ್ಕಳ ಜೊತೆ ಮಾಡುತ್ತೇನೆ. ಒಂದೊಂದು ಲೀಟರಿನ ಎರಡು ಬಾಟಲಿ. ಎರಡಕ್ಕೂ ನೀರು, ಒಂದು ಚಿಟಿಕೆ ಬಟ್ಟೆ ಪೌಡರ್, ಒಂದು ಚಮಚ ತೋಟದ ಮಣ್ಣು, ಒಂದು ಚಮಚ ಗಂಜಿ. ಒಂದರ ಬಾಯಿ ತೆರೆದಿಟ್ಟು, ಅಕ್ವೇರಿಯಂ ಪಂಪಿನ ಪೈಪ್ ಇಳಿಬಿಡಿ. ಇನ್ನೊಂದನ್ನು ಬಾಯಿತನಕ ತುಂಬಿ ಮುಚ್ಚಳ ಹಾಕಿ. ಮೊದಲ ದಿನ ಪಂಪಿನ ಬಾಟಲಿ ನೊರೆ ಉಕ್ಕಿಸುತ್ತದೆ, ಕೆಳಗೊಂದು ತಟ್ಟೆ ಇಡಿ. ನೊರೆ ಎಷ್ಟು ಬೆರಳು ಎತ್ತರ ಅಂತ ದಿನಾ ಅವನ ಕೈಯಲ್ಲೇ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಸಿ. ಎರಡು ವಾರದ ಹೊತ್ತಿಗೆ ಅದು ಇಳಿದುಹೋಗಿರುತ್ತದೆ. ಆಗ ಮುಚ್ಚಿದ ಬಾಟಲಿಯ ಮುಚ್ಚಳವನ್ನು ನೀವೇ ಮೆಲ್ಲಗೆ ತೆಗೆಯಿರಿ, ಗ್ಯಾಸ್ ಕಟ್ಟಿರುತ್ತದೆ, ವಾಸನೆಯೂ ಬರುತ್ತದೆ. ಸ್ವಲ್ಪ ನೀರು ಚೆಲ್ಲಿ, ಮತ್ತೆ ಮುಚ್ಚಿ, ಎರಡನ್ನೂ ಒಂದೇ ಸಮ ಅಲ್ಲಾಡಿಸಿ ಅವನ ಮುಂದಿಡಿ.